ಜ್ವರದ ಬ್ರೆಡ್ಡು

ಹುಡುಕುತ್ತಿದ್ದದ್ದು ಸ್ಕ್ರೂಡ್ರೈವರನ್ನು. ಸಿಕ್ಕಿದ್ದು ಭಾವನ ಟೋಸ್ಟರು. ಅಡುಗೆಮನೆಯ ಮೇಲಿನ ಸಜ್ಜದಲ್ಲಿ, ಚಕ್ಕುಲಿ ಒತ್ತುವ ಒರಳಿನ ಹಿಂದೆ, ಅರಬ್ಬಿ ಅಕ್ಷರದ ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟಿತ್ತು. ಟೋಸ್ಟರು ಎಂದ ಕೂಡಲೇ ನೀವು ಕರೆಂಟಿನದ್ದನ್ನು ನೆನೆಸಿಕೊಳ್ಳಬೇಡಿ. ಇದು ಎರಡು ಚೌಕ ತಟ್ಟೆಗಳು ಒಂದರ ಮೇಲೊಂದು ಮುಚ್ಚಿಕೊಳ್ಳುವ, ಉದ್ದ ಹಿಡಿಯ ಸಾಮಾನು. ನಡುವೆ ಬ್ರೆಡ್ಡು ಇಟ್ಟು, ಹಿಡಿಗೆ ಕೊಂಡಿ ಸಿಕ್ಕಿಸಿ, ಗ್ಯಾಸಿನ ಬೆಂಕಿಯ ಮೇಲೆ ಅತ್ತಿತ್ತ ಮಗುಚುತ್ತ ಸುಡಬೇಕು. ನನ್ನ ಗಿರಿಜಕ್ಕನ ಗಂಡ ಬಹರೈನಿನಲ್ಲಿ ಹೋಟೆಲಿನ ಕೆಲಸದಲ್ಲಿದ್ದಾಗ ಒಂದು ರಜೆಯಲ್ಲಿ ತಂದುಕೊಟ್ಟದ್ದು. "ನಿನಗೆ ಬ್ರೆಡ್ಡು ಅಂದ್ರೆ ಜೀವ ಅಂತಲ್ಲ ಮಾರಾಯ, ನಿನ್ನ ಅಕ್ಕ ಹೇಳಿದ್ದು" ಎಂದು ನಕ್ಕಿದ್ದರು.

ಫ್ಯಾನಿನ ಸ್ವಿಚ್ಚು ಸಡಿಲಾಗಿತ್ತು, ಅದಕ್ಕೆ ಸ್ಕ್ರೂಡ್ರೈವರು ಬೇಕಿತ್ತು. ಅದು ಅಲ್ಲಿಗೇ ಮರೆತುಹೋಯಿತು. ಹೆಂಡತಿ ವಾರಿಜ ನಾಲ್ಕು ದಿನಕ್ಕೆಂದು ಬೆಳ್ತಂಗಡಿಯ ತವರಿಗೆ ಹೋಗಿದ್ದಳು, ಆದ್ದರಿಂದ ಮರೆತದ್ದನ್ನು ನೆನಪಿಸುವವರೂ ಇರಲಿಲ್ಲ. ನಾನು ಟೋಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ಸ್ಟೂಲಿನಲ್ಲಿ ಕೂತುಬಿಟ್ಟೆ. ತಟ್ಟೆಯ ಮೂಲೆಯಲ್ಲಿ ಯಾವತ್ತೋ ಸುಟ್ಟ ಬ್ರೆಡ್ಡಿನ ಕಪ್ಪು ಹಾಗೆಯೇ ಇತ್ತು. ಮೂಗಿಗೆ ಹಿಡಿದರೆ ವಾಸನೆ ಏನೂ ಇಲ್ಲ, ಆದರೂ ಹಿಡಿದೆ.

ಭಾವ ತೀರಿಹೋಗಿ ಐದು ವರ್ಷವಾಯಿತು. ಅಕ್ಕ ನರಿಕೊಂಬಿನಲ್ಲಿ, ನಾವು ಹುಟ್ಟಿ ಬೆಳೆದ ಮನೆಯಲ್ಲಿಯೇ ಇದ್ದಾಳೆ. ನಮ್ಮಲ್ಲಿ ಅಳಿಯಸಂತಾನ, ಮನೆ ಹೆಣ್ಣುಮಕ್ಕಳಿಗೆ. ನಾನು ಸಿದ್ಧಕಟ್ಟೆಯಲ್ಲಿ ಮಾಷ್ಟ್ರಾಗಿದ್ದು, ನಿವೃತ್ತನಾಗಿ, ಅಲ್ಲಿಯೇ ಬೇರು ಬಿಟ್ಟವನು. ನಡುವೆ ಹೆಚ್ಚೆಂದರೆ ಎರಡು ಬಸ್ಸು. ಆದರೆ ನಾನೂ ಅವಳೂ ಮಾತಾಡದೆ ಆಗ ಮೂರು ವರ್ಷವಾಗಿತ್ತು. ಆ ಮುನಿಸಿನೊಳಗೆ ಬ್ರೆಡ್ಡೂ ಬರುತ್ತದೆ ಎಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ಅವಳ ಸ್ವರ ಕೇಳದ ಆ ಮೂರು ವರ್ಷ ನನಗೆ ನಗು ಸ್ವಲ್ಪ ಕಡಿಮೆಯೇ ಬಂದದ್ದು.

ನಮ್ಮ ಕಡೆ ಬ್ರೆಡ್ಡು ಬರೀ ತಿಂಡಿಯಲ್ಲ, ಸುದ್ದಿ. ಯಾರಾದರೂ ಬ್ರೆಡ್ಡಿನ ಕಟ್ಟು ಹಿಡಿದು ಬಸ್ಸು ಹತ್ತಿದರೆ ಪಕ್ಕದವರು ಸರಿದು ಜಾಗ ಕೊಡುತ್ತಾರೆ, ಸ್ವರ ತಗ್ಗಿಸಿ "ಯಾರಿಗೆ ಹುಷಾರಿಲ್ಲ?" ಎನ್ನುತ್ತಾರೆ. ಜ್ವರದವರನ್ನು ನೋಡಲು ಹೋಗುವಾಗ ಬ್ರೆಡ್ಡು ಮತ್ತು ಬೊಂಡ, ಎಳನೀರಿಗೆ ನಾವು ಬೊಂಡ ಎನ್ನುವುದು. ಬನ್ನಿಗೆ ಈ ಶಾಪವಿಲ್ಲ, ರಸ್ಕಿಗೂ ಇಲ್ಲ. ಅವೆಲ್ಲ ಚಾದ ಜೊತೆಯವು. ಮೂಡುಬಿದಿರೆಯ ಕಾಲೇಜು ಮಕ್ಕಳು ಈಗ ದಿನವೂ ಸ್ಯಾಂಡ್‌ವಿಚ್ಚು ತಿನ್ನುತ್ತಾರಂತೆ, ತಿನ್ನಲಿ. ನನ್ನ ಪ್ರಾಯದವರ ಪಾಲಿಗೆ ಬ್ರೆಡ್ಡು ಇವತ್ತಿಗೂ ಥರ್ಮಾಮೀಟರಿನ ಸಂಬಂಧಿಕ.

ಇನ್ನೊಂದು ರಿವಾಜನ್ನೂ ಈಗಲೇ ಹೇಳಿಬಿಡುತ್ತೇನೆ. ಮದುವೆಗೆ ಹೇಳಿಕೆ ಬೇಕು. ಹೇಳಿಕೆ ಎಂದರೆ ಮನೆಗೆ ಬರಬೇಕು, ಕೂರಬೇಕು, ನೀರು ಬೆಲ್ಲ ತೆಗೆದುಕೊಳ್ಳಬೇಕು, ಕಾಗದವನ್ನು ಕೈಗೆ ಕೊಟ್ಟು "ನೀವೆಲ್ಲ ಬಂದು ಚಂದಗಾಣಿಸಿ ಕೊಡಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಕಾಯಿಲೆಯವರನ್ನು ನೋಡಲು ಮಾತ್ರ ಹೇಳಿಕೆ ಬೇಡ. ಸುದ್ದಿ ಕಿವಿಗೆ ಬಿದ್ದರೆ ಹೊರಡಬೇಕು, ಜಗಳವಿದ್ದರೂ ಹೊರಡಬೇಕು, ಬಂದವರನ್ನು ಒಳಗೆ ಕರೆಯಲೂಬೇಕು.

ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಅಪ್ಪ ಫರಂಗಿಪೇಟೆಯಿಂದ ಬ್ರೆಡ್ಡು ತರುತ್ತಿದ್ದರು. ಆ ಮಧ್ಯಾಹ್ನಗಳು ನನಗೆ ಪೂರ್ತಿ ನೆನಪಿಲ್ಲ, ಪೂರ್ತಿ ಮರೆತೂ ಇಲ್ಲ. ಚಾವಡಿಯ ಮೂಲೆಯಲ್ಲಿ ಚಾಪೆ. ಗಾಜಿನ ಹಂಚಿನಿಂದ ಇಳಿದ ಬಿಸಿಲಿನ ಚೌಕವೊಂದು ನೆಲದ ಮೇಲೆ ಮೆಲ್ಲಗೆ ಸರಿಯುತ್ತ ಬಂದು ನನ್ನ ಕಾಲಬೆರಳನ್ನು ಮುಟ್ಟುವುದು. ಹೊಳೆಯ ಬದಿಯಲ್ಲಿ ಯಾರೋ ಬಟ್ಟೆ ಒಗೆಯುವ ಶಬ್ದ. ಒಗೆದದ್ದು ಕಣ್ಣಿಗೆ ಕಂಡು, ಶಬ್ದ ಆಮೇಲೆ ಬಂದ ಹಾಗೆ ಅನಿಸುವುದು, ನಾನೋ ಕಣ್ಣು ಮುಚ್ಚಿಯೇ ಮಲಗಿದ್ದೆ. ಗೋಡೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಅಮ್ಮ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಂದರೆ ಜ್ವರದ ಬಾಯಿಗೆ ಅದು ಒದ್ದೆ ಹತ್ತಿ. ಎರಡು ತುತ್ತು ತಿಂದು ಮುಖ ತಿರುಗಿಸುತ್ತಿದ್ದೆ. ಅಮ್ಮ ಸೋತು ದನದ ಹಟ್ಟಿಯ ಕಡೆಗೆ ಹೋಗುತ್ತಿದ್ದಳು.

ಆಗ ಅಡುಗೆಮನೆಯಿಂದ ತುಪ್ಪದ ಪರಿಮಳ ಏಳುತ್ತಿತ್ತು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಒಲೆಯ ಮುಂದೆ. ಎರಡು ತುಂಡು ಬ್ರೆಡ್ಡಿನ ನಡುವೆ ಹಲಸಿನ ಪೆರಟಿ ಸವರುವುದು. ಪೆರಟಿ ಗೊತ್ತಲ್ಲ? ಹಲಸಿನ ಹಣ್ಣಿಗೆ ಬೆಲ್ಲ ಹಾಕಿ, ಉರುಳಿಯಲ್ಲಿ ಕೈ ಸೋಲುವವರೆಗೆ ಮಗುಚಿ, ಕಪ್ಪಗೆ ಅಂಟಂಟಾದ ಮೇಲೆ ಭರಣಿಗೆ ತುಂಬಿ ಇಡುವುದು. ಅದರ ಮೇಲೆ ಉಪ್ಪಿನ ಕಲ್ಲಿನ ಜೊತೆ ಜಜ್ಜಿದ ಒಂದೇ ಒಂದು ಗಾಂಧಾರಿ ಮೆಣಸು, ಆ ಪುಟ್ಟ ಉರಿಖಾರದ ಕಾಯಿ. ಕಾವಲಿಯಲ್ಲಿ ತುಪ್ಪ ಬಿಟ್ಟು, ಬ್ರೆಡ್ಡಿನ ಮೇಲೆ ನೀರು ತುಂಬಿದ ಹಿತ್ತಾಳೆ ಚೊಂಬನ್ನು ಭಾರಕ್ಕೆ ಇಟ್ಟು, ಎರಡೂ ಬದಿ ಕೆಂಪಗೆ ಸುಡುವುದು. ಆಗ ಸ್ಯಾಂಡ್‌ವಿಚ್ಚು ಎಂಬ ಶಬ್ದವನ್ನು ನಾವಿಬ್ಬರೂ ಕೇಳಿರಲಿಲ್ಲ. ಅಕ್ಕ ಅದನ್ನು ಸೆರಗಿನಲ್ಲಿ, ಅಂದರೆ ಲಂಗದ ತುದಿಯಲ್ಲಿ ಮುಚ್ಚಿ ತಂದು, ಖಾರ ಹೆಚ್ಚಾಯಿತೋ ನೋಡಬೇಕೆಂದು ತಾನು ಒಂದು ಮೂಲೆ ಕಚ್ಚಿ, ಆಮೇಲೆ ನನ್ನ ಬಾಯಿಗೆ ಇಡುತ್ತಿದ್ದಳು. ಅಮ್ಮ ಕಂಡರೆ "ಎಂಜಲು!" ಎಂದು ಕೂಗುತ್ತಿದ್ದಳು. ಮೊದಲು ಸಿಹಿ, ಕೂಡಲೇ ಉಪ್ಪು, ಹಿಂದಿನಿಂದ ಓಡಿ ಬಂದ ಖಾರ. ಸತ್ತುಹೋಗಿದ್ದ ನಾಲಿಗೆ ಎದ್ದು ಕೂರುತ್ತಿತ್ತು. ನಾಲ್ಕು ಮೂಲೆ ಇರುವ ಬ್ರೆಡ್ಡನ್ನು ನಾನು ಅವಳ ಕೈಯಿಂದ ಒಮ್ಮೆಯೂ ತಿಂದದ್ದಿಲ್ಲ.

ಆಸೆ ಎಷ್ಟಿತ್ತೆಂದರೆ, ಜ್ವರ ತಾನಾಗಿ ಬರುವವರೆಗೆ ಕಾಯಲು ತಾಳ್ಮೆ ಇರಲಿಲ್ಲ. ಕಂಕುಳಲ್ಲಿ ನೀರುಳ್ಳಿ ಇಟ್ಟುಕೊಂಡರೆ ಮೈ ಬಿಸಿಯಾಗುತ್ತದೆ ಎಂದು ಶಾಲೆಯಲ್ಲಿ ಒಬ್ಬ ಪಂಡಿತ ಹೇಳಿದ್ದ. ಎರಡು ಕಂಕುಳಲ್ಲಿ ಎರಡು ಇಟ್ಟುಕೊಂಡು ಒಂದು ಬೆಳಿಗ್ಗೆಯಿಡೀ ಕೈ ಬಿಗಿದು ಮಲಗಿದೆ. ಜ್ವರ ಬರಲಿಲ್ಲ, ವಾಸನೆ ಬಂತು. ಅಕ್ಕ ಹಣೆ ಮುಟ್ಟಿ, ಮೂಗು ಅರಳಿಸಿ, ನನ್ನ ಕೈ ಎತ್ತಿ ನೀರುಳ್ಳಿಯನ್ನು ತೆಗೆದು ಅಡುಗೆಮನೆಗೆ ಒಯ್ದಳು. ಯಾರಿಗೂ ಹೇಳಲಿಲ್ಲ. ಆ ದಿನದ ಸಾಂಬಾರನ್ನು ಮಾತ್ರ ನಾವಿಬ್ಬರೂ ಮುಟ್ಟಲಿಲ್ಲ.

ಇಂಥ ಅಕ್ಕನ ಮಗಳ ಮದುವೆಗೆ ನಾನು ಹೋಗಲಿಲ್ಲ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಸೋದರಸೊಸೆ ಅಶ್ವಿನಿಯ ಮದುವೆಯ ಕಾಗದ ನನಗೆ ವಾಟ್ಸಾಪಿನಲ್ಲಿ ಬಂತು. ಅಕ್ಕ ಇಂದು ಬಂದಾಳು, ನಾಳೆ ಬಂದಾಳು ಎಂದು ಎರಡು ವಾರ ದಿನವೂ ಗಡ್ಡ ಬೋಳಿಸಿ ಕೂತೆ. ಕೊನೆಗೆ ನಾನೇ ಫೋನು ಮಾಡಿ, "ಹೇಳಿಕೆ ಫೋನಿನಲ್ಲಿಯಾ ಅಕ್ಕ?" ಎಂದೆ. ಅವಳು ಯಾವುದೋ ಗಡಿಬಿಡಿಯಲ್ಲಿ ನಕ್ಕು, "ಮನೆಯವನಿಗೆ ಎಂಥ ಹೇಳಿಕೆ?" ಎಂದು ಫೋನು ಇಟ್ಟಳು. ನನಗೆ ಮಾತು ಕೇಳಿಸಲಿಲ್ಲ, ನಗು ಮಾತ್ರ ಕೇಳಿಸಿತು. ಮದುವೆಯ ದಿನ ಜ್ವರ ಎಂದು ಹೇಳಿ ವಾರಿಜಳನ್ನು ಒಬ್ಬಳನ್ನೇ ಕಳಿಸಿದೆ. ಸೋದರಮಾವ ನಿಲ್ಲಬೇಕಾದ ಕಡೆ ಭಾವನ ದಾಯಾದಿಯೊಬ್ಬರು ನಿಂತರಂತೆ.

ಸಂಜೆ ವಾರಿಜ ಚೀಲವೊಂದನ್ನು ಮೇಜಿನ ಮೇಲಿಟ್ಟು, "ಅತ್ತಿಗೆ ಕೊಟ್ಟದ್ದು, ನಿಮಗೆ" ಎಂದಳು. ಹೋಳಿಗೆ ಇರಬಹುದೆಂದು ಕೈ ಹಾಕಿದೆ. ಒಂದು ಬ್ರೆಡ್ಡಿನ ಕಟ್ಟು.

"ಅಕ್ಕ ಎಂಥ ಹೇಳಿದ್ಳು?"

"ಎಂಥದೂ ಹೇಳ್ಲಿಲ್ಲ."

ಹೇಳಲು ಏನು ಬಾಕಿಯಿತ್ತು? ಆ ಬ್ರೆಡ್ಡನ್ನು ನೆರೆಮನೆಯ ಕೋಳಿಗಳಿಗೆ ಹಾಕಿದೆ. ಆಮೇಲೆ ನಮ್ಮ ಮನೆಗೆ ಬ್ರೆಡ್ಡು ಬರಲಿಲ್ಲ, ಅಕ್ಕನೂ ಬರಲಿಲ್ಲ. ಒಂದು ವರ್ಷ ಕಳೆದ ಮೇಲೆ ವಾರಿಜ ಮಾತಿನ ನಡುವೆ ಹೇಳಿದಳು: ಗಂಡ ಇಲ್ಲದ ಮನೆಯಲ್ಲಿ ಅಕ್ಕ ಒಬ್ಬಳೇ ಸಭಾಭವನ, ಅಡುಗೆ, ಸೀರೆ ಎಂದು ಓಡಾಡಿ, ಕಾಗದ ಹಿಡಿದು ಹೊರಗಿನವರ ಮನೆಗೆ ಮಾತ್ರ ಹೋಗಿದ್ದಳಂತೆ. ಒಳಗಿನವರಿಗೆಲ್ಲ ಫೋನಿನಲ್ಲಿಯೇ. ನಾನು ಒಳಗಿನವನು ಎಂಬುದಕ್ಕೆ ಸಿಟ್ಟಾಗಿದ್ದೆ ನೋಡಿ! ಗೊತ್ತಾದ ದಿನವೇ ಬಸ್ಸು ಹತ್ತಬೇಕಿತ್ತು. ಯಾವ ಮುಖ ಹೊತ್ತು ಹೋಗುವುದು ಎಂದು ಯೋಚಿಸುತ್ತ ಇನ್ನೆರಡು ವರ್ಷ ಕಳೆದೆ.

ಟೋಸ್ಟರು ಸಿಕ್ಕಿದ ದಿನ, ಸ್ಟೂಲಿನಿಂದ ಎದ್ದಾಗ ನನಗೆ ಬೇರೇನೂ ಬೇಡವಾಗಿತ್ತು. ಆ ರುಚಿ ಬೇಕಿತ್ತು. ವಾರಿಜ ಮಾಡಿಟ್ಟ ಪೆರಟಿಯ ಭರಣಿ ಮನೆಯಲ್ಲಿತ್ತು, ಹಿತ್ತಿಲ ಗಿಡದಲ್ಲಿ ಗಾಂಧಾರಿ ಮೆಣಸು ಇತ್ತು. ಬ್ರೆಡ್ಡಿಗೆ ಪೇಟೆಯ ಬೇಕರಿಗೆ ಹೋದೆ. ಅಂಗಡಿಯ ಹಮೀದಾಕ ನಾನು ಸಿದ್ಧಕಟ್ಟೆಗೆ ಬಂದ ವರ್ಷದಿಂದ ಪರಿಚಯ.

"ಒಂದು ಬ್ರೆಡ್ಡು ಕೊಡಿ ಹಮೀದಾಕ."

ಅವರ ಕೈ ಕಪಾಟಿನಲ್ಲಿ ಅರ್ಧಕ್ಕೆ ನಿಂತಿತು. "ಅಯ್ಯೋ, ಯಾರಿಗೆ ಮಾಷ್ಟ್ರೆ?"

ಹೆಂಡತಿ ಊರಲ್ಲಿಲ್ಲ, ನನಗೆ ಅರುವತ್ತೆರಡು ಪ್ರಾಯ, ಪೆರಟಿ ಹಚ್ಚಿ ಸುಟ್ಟು ತಿನ್ನುವ ಚಪಲ ಎಂದು ಹೇಳಬೇಕಿತ್ತು. ಅಂಗಡಿಯಲ್ಲಿ ನನ್ನ ಹಳೆಯ ಶಿಷ್ಯರು ಇಬ್ಬರು ಚಾ ಕುಡಿಯುತ್ತಿದ್ದರು.

"ನನಗೇ... ಸ್ವಲ್ಪ," ಎಂದೆ.

"ಹಾಗೆ ಹೇಳಿ. ಮುಖ ಬಾಡಿದ್ದು ಕಾಣ್ತದೆ."

ಬಾಡಿರಲಿಲ್ಲ. "ಮತ್ತೆ ಆ ಚೀಸು ಉಂಟಲ್ಲ, ತುಂಡು ತುಂಡು ಮಾಡಿದ್ದು, ಅದೊಂದು ಕಟ್ಟು."

"ಜ್ವರಕ್ಕೆ ಚೀಸಾ?"

"ಶಕ್ತಿಗೆ."

"ಡಾಕ್ಟ್ರು ಹೇಳಿದ್ದಾ?"

"ಹ್ಞೂಂ," ಎಂದೆ. ಸುಳ್ಳಿಗೆ ಒಮ್ಮೆ ಬಾಗಿಲು ತೆರೆದರೆ ಅದು ಸಂಸಾರ ಸಮೇತ ಬರುತ್ತದೆ.

ಮನೆಗೆ ಬಂದು ಮುಂಡು ಎತ್ತಿ ಕಟ್ಟಿ ಕೆಲಸಕ್ಕೆ ನಿಂತೆ. ಬ್ರೆಡ್ಡಿನ ಹೊರಬದಿಗೆ ಬೆಣ್ಣೆ, ಒಳಬದಿಗೆ ಪೆರಟಿ, ಅದರ ಮೇಲೆ ಚೀಸು, ಉಪ್ಪಿನಲ್ಲಿ ಜಜ್ಜಿದ ಮೆಣಸು. ಮೊದಲನೆಯದಕ್ಕೆ ಆಸೆಯಿಂದ ಎಲ್ಲವನ್ನೂ ಹೆಚ್ಚು ಹಾಕಿದೆ. ಕೊಂಡಿ ಸಿಕ್ಕಿಸುವಾಗ ಅರ್ಧ ಹೊರಗೆ ಬಂತು, ಬಂದದ್ದು ಗ್ಯಾಸಿನ ಮೇಲೆ ಬಿದ್ದು ಉರಿಯಿತು, ನಾನು ಹೆದರಿ ಊದಿದೆ, ಪೆರಟಿ ಕನ್ನಡಕಕ್ಕೆ ಹಾರಿತು. ಮಗುಚಿ ನೋಡಿದರೆ ಒಂದು ಬದಿ ಇದ್ದಿಲು. ಎರಡನೆಯದಕ್ಕೆ ಬುದ್ಧಿ ಬಂತು. ಸಣ್ಣ ಉರಿ, ಸಣ್ಣ ಲೋಭ. ತೆರೆದಾಗ ಬ್ರೆಡ್ಡು ಜೇನಿನ ಬಣ್ಣಕ್ಕೆ ತಿರುಗಿ, ಅಂಚು ಬಿಗಿದು, ಒಂದು ಕಡೆಯಿಂದ ಚೀಸು ನೂಲಾಗಿ ಇಳಿಯುತ್ತಿತ್ತು. ಕಚ್ಚಿದೆ. ಗರಿಗರಿ ಎಂದಿತು, ಆಮೇಲೆ ಮೆತ್ತಗೆ, ಬೆಲ್ಲ ಮತ್ತು ಹಲಸು ಬಿಸಿಗೆ ಕರಗಿ ನಾಲಿಗೆಯ ತುಂಬ ಹರಡಿ, ಚೀಸಿನ ಉಪ್ಪು ಅದನ್ನು ತಡೆದು ನಿಲ್ಲಿಸಿ, ಕೊನೆಗೆ ಗಾಂಧಾರಿ. ಕಣ್ಣಲ್ಲಿ ನೀರು ಬಂತು. ಒಳ್ಳೆಯದಿತ್ತು, ದೇವರಾಣೆಗೂ ಒಳ್ಳೆಯದಿತ್ತು. ಆದರೆ ಅದಲ್ಲ. ಎಲ್ಲ ಹಾಕಿಯೂ ಏನೋ ಹಾಕದ ಹಾಗೆ. ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದೆ. ನಾನು ಕಚ್ಚಿದ್ದು ನಡುವಿನಿಂದ. ನಾಲ್ಕು ಮೂಲೆಯೂ ಸರಿಯಾಗಿ ಇದ್ದವು.

ಅಷ್ಟರಲ್ಲಿ ಗೇಟಿನ ಶಬ್ದ. ಕಿಟಕಿಯಲ್ಲಿ ಇಣುಕಿದರೆ ನೆರೆಮನೆಯ ಲಕ್ಷ್ಮಣಣ್ಣ, ಒಂದು ಕೈಯಲ್ಲಿ ಎರಡು ಬೊಂಡ, ಇನ್ನೊಂದರಲ್ಲಿ ಬ್ರೆಡ್ಡಿನ ಕಟ್ಟು. ನಾನು ಓಡಿ ಹೋಗಿ ಶಾಲು ಹೊದ್ದು ಚಾವಡಿಯ ಬೆತ್ತದ ಕುರ್ಚಿಯಲ್ಲಿ ಒರಗಿದೆ.

"ಹಮೀದಾಕ ಹೇಳಿದ್ರು. ಒಬ್ರೇ ಇದ್ದೀರಿ, ನಮಗೊಂದು ಫೋನ್ ಮಾಡ್ಲಿಕ್ಕೆ ಆಗ್ತಿರಲಿಲ್ವಾ?" ಎನ್ನುತ್ತ ಹತ್ತಿರ ಬಂದರು. "ಮೀಸೆಯಲ್ಲಿ ಎಂಥದು?"

ಬೆಣ್ಣೆ. "ಮುಲಾಮು," ಎಂದೆ.

"ಯಾವುದು ಹೇಳಿ, ಒಳ್ಳೆ ಪರಿಮಳ ಉಂಟಲ್ಲ." ಅವರು ಹತ್ತು ನಿಮಿಷ ಕೂತು, ತಮ್ಮ ಹಳೆಯ ಟೈಫಾಯ್ಡಿನ ಕತೆ ಹೇಳಿ, ಬೊಂಡ ಕೆತ್ತಿ ಕೊಟ್ಟು, "ವಾರಿಜಕ್ಕನಿಗೆ ನಾನು ತಿಳಿಸ್ತೇನೆ, ನೀವು ಮಲಗಿ" ಎಂದು ಹೋದರು. ಬೇಡ ಎನ್ನಲು ಕೈ ಎತ್ತಿ, ಕೆಮ್ಮಿ ಇಳಿಸಿದೆ. ಕಾಯಿಲೆಯವನಿಗೆ ಹೆಚ್ಚು ಮಾತು ಚಂದವೂ ಅಲ್ಲ.

ಅವರು ಹೋದ ಮೇಲೆ ಎದ್ದು ಶಾಲು ಮಡಚಬೇಕಿತ್ತು. ಏಳಲಿಲ್ಲ. ಹೊಟ್ಟೆಯಲ್ಲಿ ಬೆಣ್ಣೆ, ಬೆಲ್ಲ, ಬೊಂಡ, ಹೊರಗೆ ಮಧ್ಯಾಹ್ನ. ಬಿಸಿಲು ಕಿಟಕಿಯ ಸರಳಿನ ನಡುವಿನಿಂದ ಬಂದು ನೆಲದ ಮೇಲೆ ಕೂತಿತ್ತು. ಅದು ಸರಿಯುತ್ತ ನನ್ನ ಕಾಲಿನ ಕಡೆಗೆ ಬರುವುದನ್ನು ನೋಡುತ್ತಿದ್ದೆ. ಎಲ್ಲೋ ಬಟ್ಟೆ ಒಗೆಯುವ ಶಬ್ದ. ಇಲ್ಲಿ ಹೊಳೆ ಇಲ್ಲವಲ್ಲ ಎಂದುಕೊಂಡೆ, ಆದರೂ ಒಗೆಯುತ್ತಿದ್ದರು. ಅಮ್ಮ ಹಟ್ಟಿಯ ಕಡೆಗೆ ಹೋದಳು. ನನಗೆ ಎಂಟೋ ಒಂಬತ್ತೋ ಇರಬೇಕು. ಇನ್ನು ಸ್ವಲ್ಪ ಹೊತ್ತಿಗೆ ತುಪ್ಪದ ಪರಿಮಳ ಏಳುತ್ತದೆ, ಆಮೇಲೆ ಹಣೆಯ ಮೇಲೆ ಅಕ್ಕನ ಕೈ ಬರುತ್ತದೆ ಎಂದು ಕಾಯುತ್ತ ಮಲಗಿದ್ದೆ.

ಕೈ ಬಂತು. ತಣ್ಣಗಿತ್ತು, ದೊರಗಾಗಿತ್ತು, ಬಳೆ ಹಣೆಗೆ ತಾಗಿತು.

"ನೀರುಳ್ಳಿ ಎಲ್ಲಿ ಇಟ್ಟಿದ್ದೀ?"

ಕಣ್ಣು ತೆರೆದೆ. ನೆಲದ ಬಿಸಿಲು ಹೋಗಿ ಸಂಜೆಯಾಗಿತ್ತು, ಅಕ್ಕ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ತೋಳಿನಲ್ಲಿ ಚೀಲ, ಚೀಲದಿಂದ ಬ್ರೆಡ್ಡಿನ ಕಟ್ಟು ಇಣುಕುತ್ತಿತ್ತು. ಜ್ವರ ಇಲ್ಲವೆಂದು ಗೊತ್ತಾದರೆ ಬಂದ ಹಾಗೆಯೇ ತಿರುಗಿ ಹೋಗುತ್ತಾಳೋ ಎಂದು ನಿಜವಾಗಿ ಹೆದರಿದೆ. ಶಾಲನ್ನು ಗಲ್ಲದವರೆಗೆ ಎಳೆದುಕೊಂಡೆ. ಆಮೇಲೆ ಸಾಕು ಅನಿಸಿತು.

"ಜ್ವರ ಇಲ್ಲ ಅಕ್ಕ," ಎಂದೆ. "ಆವತ್ತೂ ಇರಲಿಲ್ಲ."

"ಗೊತ್ತುಂಟು."

"ಯಾರು ಹೇಳಿದ್ದು?"

"ವಾರಿಜ ಫೋನ್ ಮಾಡಿದ್ಳು. 'ಅವರಿಗೆ ಜ್ವರ ಅಂತೆ ಅತ್ತಿಗೆ, ನಾನಂತೂ ನಂಬುದಿಲ್ಲ' ಅಂದ್ಳು. ನಾನೂ ನಂಬ್ಲಿಲ್ಲ." ಅವಳು ಚೀಲವನ್ನು ಕೆಳಗಿಟ್ಟಳು. "ಜ್ವರದವನ ಮನೆಯಲ್ಲಿ ಗೇಟಿನವರೆಗೆ ಬೆಣ್ಣೆಯ ಪರಿಮಳ ಬರ್ತದಾ?"

"ಮತ್ತೆ ಯಾಕೆ ಬಂದೆ?"

ಅಕ್ಕ ಕುರ್ಚಿ ಎಳೆದು ಕೂತಳು.

"ಬೇರೆ ಯಾವುದಕ್ಕಾದ್ರೂ ಬಂದ್ರೆ ನೀನು ಬಾಗಿಲು ತೆಗೀತೀಯೋ ಇಲ್ವೋ ಅಂತ ನನಗೆ ಹೆದರಿಕೆ ಮಾರಾಯ. ಜ್ವರ ಅಂದ್ಮೇಲೆ ಯಾರನ್ನೂ ಓಡಿಸುವ ಹಾಗಿಲ್ಲ ಅಲ್ವಾ?"

ನಾನು ಅತ್ತೆ. ಅರುವತ್ತೆರಡರ ಮಾಷ್ಟ್ರು, ಮೀಸೆಯಲ್ಲಿ ಬೆಣ್ಣೆ ಇಟ್ಟುಕೊಂಡು, ಬಾಯಿಬಿಟ್ಟು ಅತ್ತೆ. "ತಪ್ಪಾಯ್ತು ಅಕ್ಕ. ನಿಂಗೆ ಯಾರೂ ಇರಲಿಲ್ಲ, ನಾನೂ ಬರಲಿಲ್ಲ."

"ಹೌದು, ಬರಲಿಲ್ಲ," ಎಂದಳು. ಪರವಾಗಿಲ್ಲ ಎನ್ನಲಿಲ್ಲ. "ಅಶ್ವಿನಿ ಮಂಟಪದಿಂದ ಎರಡು ಸಲ ಬಾಗಿಲ ಕಡೆ ನೋಡಿದ್ಳು." ಮೂಗು ಒರೆಸಿಕೊಂಡು ಎದ್ದಳು. "ಬಾ, ಎಂಥ ಮಾಡಿ ಹಾಕಿದ್ದೀ ಅಂತ ನೋಡುವ."

ಅಡುಗೆಮನೆಯ ಅವಸ್ಥೆ ಕಂಡು "ಅಯ್ಯೋ ದೇವರೇ" ಎಂದಳು. ಗಂಡನ ಟೋಸ್ಟರನ್ನು ಕೈಗೆತ್ತಿಕೊಂಡಳು. ಹಿಡಿಯನ್ನು ಸೆರಗಿನಿಂದ ಒರೆಸಿ, ಕೊಂಡಿಯನ್ನು ಎರಡು ಸಲ ಹಾಕಿ ತೆಗೆದಳು. ಮನೆಯಲ್ಲಿ ಈಗ ಮೂರು ಕಟ್ಟು ಬ್ರೆಡ್ಡು. ಅವಳು ಬೆಣ್ಣೆಯನ್ನು ಬದಿಗಿಟ್ಟು ತುಪ್ಪದ ಡಬ್ಬಿ ಹುಡುಕಿ ತೆಗೆದಳು. ಚೀಸನ್ನು ಮೂಸಿ ನೋಡಿ, "ಇದಕ್ಕೆ ಉಪ್ಪು ಉಂಟು, ಮೆಣಸಿಗೆ ಬೇರೆ ಉಪ್ಪು ಯಾಕೆ ಹಾಕಿದ್ದು?" ಎಂದು ಬೈದಳು. ಬೈಗಳು ಕೇಳಿ ಎಷ್ಟು ಕಾಲವಾಗಿತ್ತು. ನಾನು ಸ್ಟೂಲಿನಲ್ಲಿ ಕೂತೆ. ಅವಳು ಸಣ್ಣ ಉರಿಯಲ್ಲಿ ಮಗುಚುತ್ತ, ಕಿವಿಯನ್ನು ತಟ್ಟೆಯ ಹತ್ತಿರ ತಂದು ಒಳಗಿನ ಸದ್ದು ಕೇಳುತ್ತ ಸುಟ್ಟಳು.

ಮೊದಲನೆಯದನ್ನು ಬಟ್ಟಲಿಗೆ ಹಾಕಿ ನನ್ನ ಮುಂದಿಟ್ಟಳು. ನೆಂಟರಿಗೆ ಕೊಡುವ ಹಾಗೆ, ಪಕ್ಕದಲ್ಲಿ ಒಂದು ಲೋಟ ನೀರು ಸಹ. ನಾಲ್ಕು ಮೂಲೆಯೂ ಇದ್ದವು. ಯಾಕೆಂದು ಕೇಳುವ ಹಕ್ಕು ನನ್ನದಲ್ಲವೆಂದು ಸುಮ್ಮನೆ ತಿನ್ನತೊಡಗಿದೆ. ಅಕ್ಕ ಎರಡನೆಯದನ್ನು ಬೆಂಕಿಯ ಮೇಲಿಟ್ಟು, ಉರಿ ತಗ್ಗಿಸಿ, ಕೈ ತೊಳೆದು, ಸೆರಗು ಸರಿ ಮಾಡಿಕೊಂಡು ನನ್ನೆದುರು ನೆಟ್ಟಗೆ ನಿಂತಳು.

"ಮಾಷ್ಟ್ರೆ," ಎಂದಳು. ಹುಟ್ಟಿದಂದಿನಿಂದ ಅವಳು ನನ್ನನ್ನು ಹಾಗೆ ಕರೆದದ್ದಿಲ್ಲ. "ನಮ್ಮ ಅಶ್ವಿನಿಗೆ ಏಳು ತಿಂಗಳು. ಬರುವ ಆದಿತ್ಯವಾರ ನರಿಕೊಂಬಿನ ಮನೆಯಲ್ಲಿ ಸೀಮಂತ ಇಟ್ಟುಕೊಂಡಿದ್ದೇವೆ. ನೀವು ಮನೆಯವರೆಲ್ಲ ಬಂದು ಚಂದಗಾಣಿಸಿ..." ಅಲ್ಲಿಗೆ ನಿಂತು ಸೆರಗನ್ನು ಮತ್ತೊಮ್ಮೆ ಎಳೆದುಕೊಂಡಳು. ಆಮೇಲೆ ಮುಗಿಸಿದಳು. "ಚಂದಗಾಣಿಸಿ ಕೊಡಬೇಕು."

ನನ್ನ ಬಾಯಿ ತುಂಬಿತ್ತು. ನುಂಗಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಮನೆಯವನಿಗೆ ಎಂಥ ಹೇಳಿಕೆ ಅಕ್ಕ?" ಎಂದೆ.

ಅವಳು ಗ್ಯಾಸಿನ ಕಡೆಗೆ ತಿರುಗಿದಳು. ಟೋಸ್ಟರು ತೆರೆದು, ಬಿಸಿಯಾಗಿದ್ದ ಎರಡನೆಯದನ್ನು ಬೆರಳ ತುದಿಯಲ್ಲಿ ಹಿಡಿದು, ಊದಿ, ಒಂದು ಮೂಲೆ ಕಚ್ಚಿ, ನನ್ನ ಬಟ್ಟಲಿಗೆ ಹಾಕಿದಳು.